ಮಂಕಿಗೆ ಖಾನೆಯಿಲ್ಲ

ಅವಳ ನಿಜವಾದ ಹೆಸರು ಸಂಬಳದ ಹಾಳೆಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಅವಳು ದುರ್ಬೀನಕ್ಕ. ಹುಲ್ಲುಗಾವಲಿನ ಅಂಚಿನ ಸಂಶೋಧನಾ ಕೇಂದ್ರಕ್ಕೆ ನೆಲ ಒರೆಸಲು ಬಂದವಳು, ಯಾರೋ ಮೇಜಿನ ಮೇಲೆ ಬಿಟ್ಟುಹೋದ ದುರ್ಬೀನನ್ನು ಕಣ್ಣಿಗೆ ಹಿಡಿದದ್ದೇ ಹಿಡಿದದ್ದು, ಹತ್ತೊಂಬತ್ತು ವರ್ಷ ಕೆಳಗಿಳಿಸಲಿಲ್ಲ. ಕಾಡುಹುಲ್ಲೆಗಳನ್ನು ಎಣಿಸಬೇಕು, ಅವುಗಳ ಹಿಕ್ಕೆ ಆರಿಸಿ ಡಬ್ಬಿಗೆ ತುಂಬಬೇಕು, ಯಾವುದು ಮೇಯುತ್ತಿದೆ ಯಾವುದು ಬಿಟ್ಟಿದೆ ಎಂದು ಬರೆಯಬೇಕು. ಕೇಂದ್ರದಲ್ಲಿ ಇದ್ದದ್ದು ಒಂದೇ ಫ್ರಿಜ್ಜು. ಮೇಲೆ ಚಹಾದ ಹಾಲು, ಕೆಳಗೆ ಹಿಕ್ಕೆಯ ಡಬ್ಬಿ. ಹೊಸದಾಗಿ ಬಂದವರು ಫ್ರಿಜ್ಜು ತೆರೆದು ನೋಡಿ ಚಹಾ ಬೇಡವೆಂದಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಮೂರು ದಿನದಿಂದ ನನ್ನ ಹೊಟ್ಟೆ ಸರಿಯಿಲ್ಲ, ಕೇಳೋರಿಲ್ಲ. ಹುಲ್ಲೆ ಹೊಟ್ಟೆ ಕೆಟ್ರೆ ಮಾತ್ರ ಊಟಕ್ಕೆ ಕೂತಾಗ್ಲೂ ಅದೇ ಮಾತು," ಎಂದು ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡ ಗೊಣಗುತ್ತಿದ್ದ.

"ನಿಮ್ಮಂಥೋರು ಬೇಕಾದಷ್ಟು ಜನ ಇದಾರೆ ಬಿಡಿ, ಸಂತತಿ ಅಳಿಯೋ ಭಯ ಇಲ್ಲ," ಎನ್ನುತ್ತಿದ್ದಳು ಇವಳು.

ಅವಳು ಇದನ್ನೆಲ್ಲ ಬರೆದಿಡುತ್ತಿದ್ದ ಪುಸ್ತಕದಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು: ಮಂಕು. ರೋಗವೆಂದು ಹೇಳಲಾಗದು, ಆದರೆ ಚೆನ್ನಾಗಿಯೂ ಇಲ್ಲ. ಹಿಂಡೆಲ್ಲ ತಲೆಯೆತ್ತಿದರೂ ಅದೊಂದು ಎತ್ತುವುದಿಲ್ಲ. ಕಿವಿಯ ಮೇಲೆ ನೊಣ ಕೂತರೂ ಕೊಡವುವುದಿಲ್ಲ. ಹಿಕ್ಕೆ ಬಿಡಿಬಿಡಿಯಾಗಿ ಉದುರದೆ ಅಂಟಿಕೊಂಡು ಬೀಳುತ್ತದೆ. ಇಂಥದ್ದನ್ನು ಇವಳು ಅರ್ಧ ಮೈಲಿ ದೂರದಿಂದ ಗುರುತಿಸುತ್ತಿದ್ದಳು, ಪ್ರಯೋಗಾಲಯದವರು ಮೂರು ವಾರ ಬಿಟ್ಟು ಹೌದೆನ್ನುತ್ತಿದ್ದರು.

ಈ ವಿದ್ಯೆಯನ್ನು ಅವಳು ಕಲಿಸಿದ್ದು ಒಬ್ಬಳಿಗೇ. ಹದಿನಾಲ್ಕು ವರ್ಷದ ಹಿಂದೆ ವಿದ್ಯಾರ್ಥಿನಿಯಾಗಿ ಬಂದ ಆ ಹುಡುಗಿ ಮೊದಲ ದಿನವೇ ಅಕ್ಕಾ ಎಂದು ಬೆನ್ನಿಗೆ ಬಿದ್ದಳು. ಜ್ವರ ಬಂದಾಗ ದುರ್ಬೀನಕ್ಕ ಮನೆಗೆ ಕರೆತಂದು ಗಂಜಿ ಕುಡಿಸಿದಳು, ತಾನು ಬರೆದಿಟ್ಟ ಹನ್ನೊಂದು ಪುಸ್ತಕಗಳನ್ನು ಮಡಿಲಿಗೆ ಹಾಕಿದಳು. ಅವುಗಳಿಂದಲೇ ಹುಡುಗಿ ಡಾಕ್ಟರೇಟು ಪಡೆದು, ಡಾಕ್ಟ್ರಮ್ಮನಾಗಿ, ಕೊನೆಗೆ ಕೇಂದ್ರದ ಮುಖ್ಯಸ್ಥೆಯೂ ಆದಳು. ದುರ್ಬೀನಕ್ಕನಿಗೆ ಅದು ಹೆಮ್ಮೆಯ ವಿಷಯವೇ. ಸ್ವಂತ ತಂಗಿ ಮುಂದೆ ಬಂದರೂ ಅಷ್ಟು ಹಿಗ್ಗುತ್ತಿದ್ದಳೋ ಇಲ್ಲವೋ.

ಆ ವರ್ಷ ಇಪ್ಪತ್ತೆರಡು ಹುಲ್ಲೆಗಳನ್ನು ಬೇರೊಂದು ಹುಲ್ಲುಗಾವಲಿಗೆ ಸಾಗಿಸಿ, ಅಲ್ಲಿ ಹೊಸ ಹಿಂಡು ಬೆಳೆಸುವುದೆಂದು ತೀರ್ಮಾನವಾಯಿತು. ಬಲೆಗೆ ಬಿದ್ದ ಹೆದರಿಕೆಗೇ ಹುಲ್ಲೆಯ ಸ್ನಾಯು ಕೆಡುತ್ತದೆ, ಮೊದಲೇ ಬಳಲಿದ್ದರೆ ಬದುಕುವುದಿಲ್ಲ. ಹಾಗಾಗಿ ಒಂದೊಂದಕ್ಕೂ ಒಂದು ಆರೋಗ್ಯದ ಫಾರಮು, ಕೆಳಗೆ ವೀಕ್ಷಕಿಯೆಂದು ಇವಳ ರುಜು. ಅದರಲ್ಲಿ ಎರಡೇ ಖಾನೆ, ಒಂದು ಆರೋಗ್ಯ, ಇನ್ನೊಂದು ರೋಗ.

"ಒಂಬತ್ತು ಮಂಕಾಗಿವೆ ಕಣೇ. ಮಂಕಿಗೆ ಖಾನೆ ಎಲ್ಲಿ?" ಎಂದು ಕೇಳಿದಳು ದುರ್ಬೀನಕ್ಕ.

"ನೀನು ರುಜು ಹಾಕಿ, ಪುಸ್ತಕ ಕೊಟ್ಟು ಹೋಗಕ್ಕಾ. ಅದನ್ನ ಎಲ್ಲಿ ಸೇರಿಸ್ಬೇಕು ಅಂತ ನಾನು ನೋಡ್ಕೋತೀನಿ," ಎಂದಳು ಡಾಕ್ಟ್ರಮ್ಮ.

"ಆ ಒಂಬತ್ತನ್ನ ಲಾರಿ ಹತ್ತಿಸ್ಬೇಡ."

"ನನಗೆ ಗೊತ್ತಿಲ್ವಾ? ನೀನೇ ಕಲಿಸಿದ್ದಲ್ವಾ?"

ಆ ಮಾತಿಗೆ ಕರಗಿ, ಇಪ್ಪತ್ತೆರಡು ಖಾಲಿ ಫಾರಮುಗಳಿಗೆ ಸರಸರನೆ ರುಜು ಹಾಕಿ, ಪುಸ್ತಕವನ್ನೂ ಕೊಟ್ಟು ಬಂದಳು ಪುಣ್ಯಾತ್ಗಿತ್ತಿ.

ಲಾರಿಗಳು ಹೊರಡುವ ದಿನ ಅವಳನ್ನು ಬೇರೆ ದಿಕ್ಕಿಗೆ ಎಣಿಕೆಗೆ ಕಳಿಸಿದ್ದರು. ಇಪ್ಪತ್ತೆರಡೂ ಹೋದವು. ದಾರಿಯಲ್ಲೇ ಏಳು ಸತ್ತವು, ಇಳಿಸಿದ ನಾಲ್ಕು ದಿನದಲ್ಲಿ ಇನ್ನೂ ನಾಲ್ಕು. ಸುದ್ದಿ ತಿಳಿದು ಅವಳು ಎರಡು ದಿನ ಒಲೆ ಹಚ್ಚಲಿಲ್ಲ. ಗಂಡ ಹೋಟೆಲಿನಿಂದ ತಂದಿಟ್ಟ ಊಟ ಹಾಗೇ ತಣ್ಣಗಾಯಿತು, ಅವನೂ ಗೊಣಗಲಿಲ್ಲ.

ತಿಂಗಳೊಳಗೆ ವಿಚಾರಣೆ. ನಗರದ ಕಚೇರಿ, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಹೊಸ ಕುರ್ಚಿಗಳು, ಮೇಜಿನಾಚೆ ಮೂವರು ಅಧಿಕಾರಿಗಳು. ಹಿರಿಯ ಅಧಿಕಾರಿ ಫಾರಮುಗಳನ್ನು ಮುಂದಕ್ಕೆ ತಳ್ಳಿದರು.

"ಇದು ನಿಮ್ಮ ರುಜುನೇನಮ್ಮಾ?"

"ನಂದೇ ಸಾರ್."

"ಎಲ್ಲದಕ್ಕೂ ಆರೋಗ್ಯ ಅಂತ ಇದೆಯಲ್ಲ?"

"ನಾನು ರುಜು ಹಾಕ್ದಾಗ ಖಾನೆ ಖಾಲಿ ಇತ್ತು ಸಾರ್. ಒಂಬತ್ತು ಮಂಕಾಗಿದ್ವು. ಪುಸ್ತಕದಲ್ಲಿ ಬರ್ದಿದೀನಿ, ಅದು ಇವಳ ಹತ್ರಾನೇ ಇದೆ, ಕೇಳಿ."

ಎಲ್ಲರೂ ಡಾಕ್ಟ್ರಮ್ಮನತ್ತ ತಿರುಗಿದರು. ದುರ್ಬೀನಕ್ಕನಿಗೆ ಎಳ್ಳಷ್ಟೂ ಅಳುಕಿರಲಿಲ್ಲ. ಇನ್ನೇನು, ಹುಡುಗಿ ಬಾಯಿಬಿಟ್ಟರೆ ಮುಗಿಯಿತು ಎಂದು ಕುರ್ಚಿಗೆ ಒರಗಿಯೂ ಕೂತಳು.

ಡಾಕ್ಟ್ರಮ್ಮ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ಅಂಥ ಪುಸ್ತಕ ನನ್ನ ಕೈಗೆ ಬಂದಿಲ್ಲ ಸರ್."

"ಮಂಕು ಅಂತ ಇವರು ನಿಮಗೆ ಹೇಳಿದ್ರಾ?"

"ಆ ಪದ ನಮ್ಮಲ್ಲಿ ಬಳಕೆಯಲ್ಲೇ ಇಲ್ಲ ಸರ್. ಪಾಪ, ಓದಿದವರಲ್ಲ. ಗಾಬರಿಗೆ ಈಗ ಏನೋ ಹೇಳ್ತಿದಾರೆ."

ಕೆಲಸ ಹೋಗುತ್ತದೆಂದು ದುರ್ಬೀನಕ್ಕನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅದನ್ನು ನುಂಗಿಕೊಳ್ಳಬಹುದಿತ್ತು. ಆ "ಪಾಪ" ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು, ಅಳು ಬಂತು, ಆ ಮೂವರ ಮುಂದೆ ಅಳಬಾರದೆಂದು ಹಲ್ಲು ಕಚ್ಚಿ ಕೂತಳು. ವೀಕ್ಷಕಿಯ ನಿರ್ಲಕ್ಷ್ಯವೇ ಕಾರಣವೆಂದು ಗುಮಾಸ್ತ ಬರೆದುಕೊಂಡ.

ಮೆಟ್ಟಿಲ ಬಳಿ ಡಾಕ್ಟ್ರಮ್ಮ ಓಡಿಬಂದು ಕೈಹಿಡಿದಳು.

"ಅಕ್ಕಾ, ಲಾರಿಗೆ ದಿನ ನಿಗದಿಯಾಗಿಬಿಟ್ಟಿತ್ತು, ತಡೆಯೋಕಾಗ್ಲಿಲ್ಲ. ಈಗ ನಿಜ ಹೇಳಿದ್ರೆ ಕೇಂದ್ರಾನೇ ಮುಚ್ಚಿಬಿಡೋರು. ಒಂದು ವರ್ಷ ಸುಮ್ನಿರು, ನಿನ್ನ ಮತ್ತೆ ಕರೆಸ್ಕೋತೀನಿ."

"ಸತ್ತ ಹನ್ನೊಂದರಲ್ಲಿ ನಾಲ್ಕು ಬಸುರಿ ಇದ್ವು. ಅವನ್ನ ಎಲ್ಲಿಂದ ಕರೆಸ್ಕೋತೀರಿ, ಮೇಡಂ?"

ಡಾಕ್ಟ್ರಮ್ಮನ ಮುಖ ಕಪ್ಪಿಟ್ಟಿತು. "ನೀನು ನನ್ನ ಮೇಡಂ ಅನ್ಬೇಡಕ್ಕಾ."

"ಮತ್ತೇನಂತ ಕರೀಲಿ? ನಿಮ್ಮ ಪರಿಚಯ ನನಗಿಲ್ವಲ್ಲ," ಎಂದು ದುರ್ಬೀನಕ್ಕ ಕೈ ಬಿಡಿಸಿಕೊಂಡು ಮೆಟ್ಟಿಲಿಳಿದಳು.