ಅಕ್ಕನ ಕೈಗೆ ತಿಳಿಯದ ಬಿಸಿ

ಹುತ್ತ ತುಳಿದದ್ದಕ್ಕೆ ನಾಗನ ಶಾಪ ತಟ್ಟಿ ನಮ್ಮ ಅಕ್ಕನ ಕೈ ಮರಗಟ್ಟಿತು ಎಂದು ನೆಂಟರೆಲ್ಲ ಇಂದಿಗೂ ಹೇಳುತ್ತಾರೆ. ಇರಲಿ. ಬಸವನಗುಡಿಯ ಬಯಲಿನಲ್ಲಿ ಆ ಹುತ್ತವನ್ನು ಅವಳ ಜೊತೆ ನಾನೂ ತುಳಿದಿದ್ದೆನಲ್ಲ, ನನಗೇಕೆ ತಟ್ಟಲಿಲ್ಲ? ಕೇಳಿದರೆ, "ನೀನು ಆಗ ಮಗು, ನಾಗಪ್ಪ ಬಿಟ್ಟ" ಎನ್ನುತ್ತಾರೆ. ಅಕ್ಕನಿಗೇನು ಮಹಾ ವಯಸ್ಸಾಗಿತ್ತು?

ನಿಜ ನಮ್ಮ ಅಡುಗೆಮನೆಯಲ್ಲೇ ಇತ್ತು. ಮಡಿಯಲ್ಲಿದ್ದಾಗ ಅಮ್ಮ ಮಸಿಬಟ್ಟೆ ಮುಟ್ಟುವವಳಲ್ಲ, ಸೆರಗಿನಲ್ಲೇ ಪಾತ್ರೆ ಇಳಿಸುವಳು. ಅಕ್ಕನಿಗೆ ಸೆರಗೂ ಬೇಡ, ಬರಿಗೈ. "ಅಡುಗೆಗೇ ಹುಟ್ಟಿದ ಕೈ" ಎಂದು ಅಮ್ಮ ಬಂದವರ ಮುಂದೆಲ್ಲ ಹೊಗಳುತ್ತಿದ್ದಳು. ಅತ್ತೆಮನೆಯವರೂ ಹೊಗಳಿದರು.

ಒಂದು ಹಬ್ಬಕ್ಕೆ ಗಂಡನ ಜೊತೆ ಚಾಮರಾಜಪೇಟೆಯ ನಮ್ಮ ಮನೆಗೆ ಬಂದಿದ್ದಳು. ಆಗಷ್ಟೇ ಒಲೆಯಿಂದಿಳಿಸಿದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದುಕೊಂಡೇ, "ಏನೋ ಲಾಯರಪ್ಪ, ದೇವರಿಲ್ಲ ಅಂತೀಯಂತೆ, ಪಾಯಸ ಮಾತ್ರ ಬೇಕೇನೋ?" ಎಂದು ರೇಗಿಸುತ್ತ ನಿಂತಳು. ಸುಟ್ಟ ಚರ್ಮದ ವಾಸನೆ ನನ್ನ ಮೂಗಿಗೆ ಬಂತು. ಅವಳು ನಗುತ್ತಲೇ ಇದ್ದಳು.

ಭಾವನೂ ನಾನೂ ಅವಳನ್ನು ಡಾಕ್ಟರ ಬಳಿ ಕರೆದೊಯ್ದೆವು. ಕಣ್ಣು ಮುಚ್ಚಿಸಿ, ಬೆರಳಿಗೆ ಸೂಜಿ ಚುಚ್ಚಿದರು. ರಕ್ತ ಬಂತು.

"ಯಾವಾಗ ಚುಚ್ತೀರಿ ಸ್ವಾಮಿ? ಭಯವಾಗ್ತಿದೆ" ಎಂದಳು ಅಕ್ಕ.

ಆಮೇಲೆ ಅವಳ ಕಿವಿಯ ಹಾಲೆಯಿಂದ ಕೆರೆದು ತೆಗೆದದ್ದಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನಮ್ಮಿಬ್ಬರಿಗೂ ತೋರಿಸಿದರು. ನೀಲಿಯ ನಡುವೆ ಕೆಂಪು ಕಡ್ಡಿಗಳು, ಕಟ್ಟುಕಟ್ಟಾಗಿ.

"ಕುಷ್ಠ. ಈ ಕ್ರಿಮಿಗಳು ನರದೊಳಗೆ ಸೇರ್ಕೋತವೆ."

"ರೋಗದ ಜೊತೇಲಿ ಇದ್ದ ಮಾತ್ರಕ್ಕೆ ಇವೇ ಕಾರಣ ಅಂತ ಹೇಗೆ ಹೇಳ್ತೀರಿ?" ನಾನು ಬಿಡಲಿಲ್ಲ.

"ಈ ರೋಗ ಇದ್ದಲ್ಲೆಲ್ಲ ಇವಿರ್ತವೆ. ನರವನ್ನ ಹೇಗೆ ಕೆಡಿಸ್ತವೆ, ಯಾರಿಗೆ ಅಂಟ್ತವೆ, ಯಾರನ್ನ ಬಿಡ್ತವೆ, ನನಗೂ ಗೊತ್ತಿಲ್ಲಪ್ಪ."

ಪ್ರಾಮಾಣಿಕ ಉತ್ತರ, ನನಗೆ ಹಿಡಿಸಿತು. ಭಾವನಿಗೆ 'ಅಂಟ್ತವೆ' ಎಂಬುದೊಂದೇ ಕೇಳಿಸಿತು.

ಡಾಕ್ಟರ ಬಳಿಗೆ ಹೋಗುವಾಗ ಜಟಕಾದಲ್ಲಿ ಅಕ್ಕನ ಪಕ್ಕ ಕೂತಿದ್ದ ಭಾವ ಹಿಂದಿರುಗುವಾಗ ಮುಂದೆ, ಗಾಡಿಯವನ ಜೊತೆ ಕೂತರು. ಅಕ್ಕ ಖಾಲಿ ಜಾಗದ ಮೇಲೆ ಹರಡಿದ್ದ ಸೆರಗನ್ನು ಎಳೆದುಕೊಂಡಳು, ಅಷ್ಟೆ.

"ನಾಗಪ್ರತಿಷ್ಠೆ ಆಗ್ಲಿ, ಬಂದು ಕರ್ಕೊಂಡು ಹೋಗ್ತೀನಿ" ಎಂದು ಅವಳನ್ನು ನಮ್ಮಲ್ಲೇ ಬಿಟ್ಟು ಹೋದರು. ಕಲ್ಲು ನಿಲ್ಲಿಸಿದ್ದಾಯಿತು, ಹಾಲೆರೆದದ್ದಾಯಿತು. ಭಾವ ಬರಲಿಲ್ಲ. ಗಾಡಿಯ ಸದ್ದಾದಾಗಲೆಲ್ಲ ಅಕ್ಕ ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಾಳೆ. ಬೆರಳಿಗೆ ಕುಂಕುಮ ಹತ್ತಿತೋ ಇಲ್ಲವೋ ಅವಳಿಗೆ ತಿಳಿಯದು, ಕಣ್ಣಿನಿಂದ ನೋಡಿಯೇ ತಿಳಿಯಬೇಕು.

ಮೊನ್ನೆ ಭಾವ ಗುಮಾಸ್ತರಾಗಿರುವ ತರಗುಪೇಟೆಯ ಕಾಳಿನ ಮಂಡಿಗೇ ಹೋದೆ. "ಚೆನ್ನಾಗಿದೀಯೇನಪ್ಪ?" ಎಂದರು. ಅಕ್ಕನ ಬಗ್ಗೆ ಕೇಳಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ವಾದವನ್ನೆಲ್ಲ ಬಿಟ್ಟೆ.

"ಭಾವ, ನೀವು ಯಾವಾಗ ಬರ್ತೀರಿ ಅಂತ ಅವಳು ದಿನಾ ಕೇಳ್ತಾಳೆ. ನಾನೇನು ಹೇಳ್ಲಿ?"