ಚಾರ್ಟಿನ ಮೇಲಿನ ಮೊಸ್ಯೂ

ಬುರ್ಜ್ ಖಲೀಫಾ ಆಗಷ್ಟೇ ಬಾಗಿಲು ತೆರೆದಿದ್ದ ದಿನಗಳವು. ದುಬೈನ ಸತ್ವಾದಲ್ಲಿ ಒಂದು ಹಳೇ ವಿಲ್ಲಾ, ಅದರಲ್ಲಿ ಐದು ಸಂಸಾರ, ನಮ್ಮ ಪಾಲಿಗೆ ಒಂದು ಕೋಣೆ. ಅಪ್ಪ ಪಕ್ಕದ ರಸ್ತೆಯ ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಶಾಲೆ ಬಿಟ್ಟ ಮೇಲೆ ನಾನು ಅವನ ಮೇಜಿನಡಿ ಕೂತು ಒಡೆದ ಗುಂಡಿಗಳಲ್ಲಿ ಆಡುತ್ತಿದ್ದೆ. ಬಿಸಿ ಇಸ್ತ್ರಿಯ ವಾಸನೆ, ಕರಕ್ ಚಹಾದ ಏಲಕ್ಕಿ ಘಮ, ತಲೆ ಮೇಲೆ ಉದುರುವ ಬಟ್ಟೆ ಚೂರು. ಬಂದ ಗಿರಾಕಿಗಳೆಲ್ಲ ಅಪ್ಪನನ್ನು "ಏ ಟೈಲರ್" ಎಂದೇ ಕರೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಏಳನೇ ತರಗತಿಯಲ್ಲಿ ಫ್ರೆಂಚ್ ಟೀಚರ್ ಹೇಳಿದರು: ಮೊಸ್ಯೂ ಅಂದರೆ ಮೂಲದಲ್ಲಿ 'ನನ್ನ ಒಡೆಯ'. ಹಿಂದೆ ರಾಜನ ತಮ್ಮನಿಗೆ ಅದೊಂದೇ ಬಿರುದು ಸಾಕಿತ್ತಂತೆ. ಈಗ ಬ್ರೆಡ್ ಸುಡುವವನೂ ಮೊಸ್ಯೂ, ಬಟ್ಟೆ ಹೊಲಿಯುವವನೂ ಮೊಸ್ಯೂ. ನಿಮಗಿಷ್ಟವಾದ ಒಬ್ಬ ಮೊಸ್ಯೂನ ಚಾರ್ಟ್ ಮಾಡಿ ತನ್ನಿ, ಗೋಡೆಗೆ ಹಾಕೋಣ ಎಂದರು.

ನಾನು ಮನೆಗೆ ಬಂದವಳೇ ಚಾರ್ಟಿಗೆ ಅಪ್ಪನ ಫೋಟೊ ಅಂಟಿಸಿ ಕೆಳಗೆ ಫ್ರೆಂಚಿನಲ್ಲಿ ಮೊಸ್ಯೂ ಎಂದು ಬರೆದೆ. ಸಂಜೆ ಅವನು ನೋಡಿದ.

"ಇದೆಂತ ಬರ್ದದ್ದು?"

"ಮೊಸ್ಯೂ. ನನ್ನ ಒಡೆಯ ಅಂತ ಅರ್ಥ."

ಅಪ್ಪ ಗಾಬರಿಯಾದ. "ಒಡೆಯ ಅಂದ್ರೆ ಅಂಗಡಿಯ ಅರ್ಬಾಬ್ ಅಲ್ವಾ ಮಾರಾಯ್ತಿ? ನಮ್ಮ ವೀಸಾ ಅವರದ್ದು. ಅವರನ್ನು ಬಿಟ್ಟು ನನ್ನ ಫೋಟೊ ಹಾಕುದಾ?"

"ನೋ ಅಪ್ಪಾ, ಈಗ ಎಲ್ರಿಗೂ ಹಾಗೇ ಹೇಳ್ತಾರೆ!"

"ಅದು ಫ್ರಾನ್ಸಲ್ಲಿ. ನಾವಿರೂದು ಇಲ್ಲಿ. ಖಲಾಸ್."

ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಬೆಳಿಗ್ಗೆ ಏಳುವಷ್ಟರಲ್ಲಿ ಅಂಗಡಿಯ ಕ್ಯಾಲೆಂಡರಿನಿಂದ ಕತ್ತರಿಸಿದ ಅರ್ಬಾಬರ ಫೋಟೊ ಅಪ್ಪನ ಮುಖದ ಮೇಲೆ ಕೂತಿತ್ತು. ಅಂಚು ಒಂದು ನೂಲಿನಷ್ಟೂ ಸೊಟ್ಟವಿಲ್ಲ, ಕಟಿಂಗ್ ಮಾಸ್ಟರ್ ಅಲ್ಲವೇ! ನಾನು ಅತ್ತೆ, ಕಿರುಚಿದೆ, ನೀರ್ದೋಸೆ ಮುಟ್ಟಲಿಲ್ಲ. ಅಷ್ಟರಲ್ಲಿ ಶಾಲೆಯ ಬಸ್ಸು ಬಂತು.

ಟೀಚರ್ ಭೇಷ್ ಎಂದು ಹೊಗಳಿ ಅದನ್ನೇ ಗೋಡೆಗೆ ಹಾಕಿದರು. ಇಡೀ ವರ್ಷ ಯಾರದೋ ಮುಖ ನೋಡುತ್ತ ಹಲ್ಲು ಕಚ್ಚಿಕೊಂಡು ಕೂತೆ.

ಪರೀಕ್ಷೆ ಮುಗಿದು ಚಾರ್ಟ್ ಕೈಗೆ ಬಂದ ದಿನ ಅಪ್ಪನನ್ನು ಹೊರಗೆ ತರುತ್ತೇನೆಂದು ಉಗುರಿನಿಂದ ಮೇಲಿನ ಫೋಟೊ ಕಿತ್ತೆ. ಗೋಂದು ಗಟ್ಟಿಯಾಗಿತ್ತು. ಅಪ್ಪನ ಮುಖವೂ ಅದರ ಜೊತೆಗೇ ಕಿತ್ತು ಬಂತು. ಉಳಿದದ್ದು ಅಂಗಿಯ ಕಾಲರ್, ಕೊರಳಲ್ಲಿ ನೇತಾಡುವ ಅಳತೆ ಟೇಪು.

ಆ ಅಂಗಡಿ ಈಗಿಲ್ಲ. ಅಪ್ಪನೂ ಇಲ್ಲ. ಅಬುಧಾಬಿಯ ನನ್ನ ಆಫೀಸಿನಲ್ಲಿ ಫ್ರೆಂಚರು ಬಾಗಿಲು ಹಿಡಿದು ನನಗೆ ಮದಾಂ ಎನ್ನುತ್ತಾರೆ. ನಾನು ಚಹಾ ತರುವವರಿಗೂ ಮೊಸ್ಯೂ ಎನ್ನುತ್ತೇನೆ. ನಾನು ಹಾಗೆ ಹೇಳಬೇಕೆಂದು ಆಸೆಪಟ್ಟ ಒಬ್ಬನೇ ಒಬ್ಬ ಮಾತ್ರ ಹೇಳಗೊಡಲಿಲ್ಲ. ಆ ಸಿಟ್ಟು ಇನ್ನೂ ಹಾಗೇ ಇದೆ, ಅಪ್ಪಾ.