ಪದಕ ತರಲು ಹೋದ ಪಕ್ಕದ ಮನೆ ಅಕ್ಕ

ಹೋದ ತಿಂಗಳು ನಾನು ನಿವೃತ್ತಳಾದ ದಿನ ಶಾಲೆಯವರು ಸನ್ಮಾನ ಇಟ್ಟುಕೊಂಡಿದ್ದರು. ಮನೆಗೆ ಬಂದು ಅವರು ಕೊಟ್ಟ ಡಬ್ಬಿ ತೆರೆದರೆ, ಒಳಗಿನ ನೀಲಿ ಮಖಮಲ್ಲಿನಿಂದ ಹಸಿ ಗೋಂದಿನ ವಾಸನೆ ಮೂಗಿಗೆ ಅಡರಿತು. ಇದೇ ವಾಸನೆ ಹಿಂದೊಮ್ಮೆ ಬಸ್ಸಿನಲ್ಲಿ ಪಕ್ಕದ ಮನೆ ಅಕ್ಕನ ತೊಡೆಯ ಮೇಲಿದ್ದ ಡಬ್ಬಿಯಿಂದ ಬಂದಿತ್ತು... ಮುಚ್ಚಿಟ್ಟೆ. ಆಮೇಲೆ ಎಷ್ಟೋ ಹೊತ್ತು ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಕೆ.ಆರ್. ಪೇಟೆಯಲ್ಲಿ ಆಗಷ್ಟೇ ಕೆಲಸ ಸಿಕ್ಕಿ, ಹೊಸಹೊಳಲು ರಸ್ತೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದೆ. ಗೋಡೆಯಾಚೆಯ ಮನೆ ಅಕ್ಕನದು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಗಂಡ ಸಿಂಧಘಟ್ಟದ ರೈತರ ಮನೆಯವನು, ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ರಾಕೆಟ್ಟಿಗೆ ಬೇಕಾದ ಗ್ಯಾಸ್ ಟ್ಯಾಂಕುಗಳನ್ನು ಅಲ್ಲಿ ಮಾಡುತ್ತಿದ್ದರಂತೆ. ಶನಿವಾರ ಸಂಜೆ ಅವನು ಬಂದರೆ ಅವರ ಮನೆಯಿಂದ ನಗು ಕೇಳುತ್ತಿತ್ತು. "ನಮ್ಮನೆಯವ್ರು ಮಾಡಿದ್ದು ಒಂದಿನ ಮ್ಯಾಕ್ಕೋಯ್ತದೆ ಟೀಚರಮ್ಮ," ಎಂದು ಅಕ್ಕ ಬಟ್ಟೆ ಒಣಹಾಕುತ್ತಲೇ ಆಕಾಶ ತೋರಿಸುತ್ತಿದ್ದಳು.

ಒಂದು ಮಧ್ಯಾಹ್ನ ಎದುರಿನ ಹೋಟೆಲಿಗೆ ಫೋನು ಬಂತು. ಗಂಡನಿಗೆ ಪೆಟ್ಟಾಗಿದೆ, ಕೂಡಲೇ ಹೊರಡಿ ಅಂತ. ತನ್ನ ಪುಟ್ಟ ಮಗಳನ್ನು ನನ್ನ ಸೊಂಟಕ್ಕೆ ದಾಟಿಸಿ, ಉಟ್ಟ ಸೀರೆಯಲ್ಲೇ ಒಬ್ಬಳೇ ಬಸ್ಸು ಹತ್ತಿದಳು. ಮರುದಿನ ವ್ಯಾನಿನಲ್ಲಿ ಹೆಣದ ಜೊತೆ ಬಂದಳು. ಟ್ಯಾಂಕಿಗೆ ಗ್ಯಾಸ್ ತುಂಬಿ ಗಟ್ಟಿಯಿದೆಯೋ ಇಲ್ಲವೋ ನೋಡುವಾಗ ಅದು ಸಿಡಿದಿತ್ತು. ಅವನು ಪಕ್ಕದಲ್ಲೇ ನಿಂತಿದ್ದ. ಸಿಂಧಘಟ್ಟದ ಹೊಲದಲ್ಲಿ ಮಣ್ಣು ಮಾಡುವಾಗಲೂ ಮುಖದ ಮೇಲಿನ ಬಟ್ಟೆ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಗುರುತು ಹಿಡಿಯಲು ಆ ಮುಖ ನೋಡಿದವಳು ಅಕ್ಕ ಒಬ್ಬಳೇ. ಏನು ನೋಡಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಳಿಕ ಅವಳು ಹಾಲಿನ ಡೈರಿಗೆ ಕೆಲಸಕ್ಕೆ ಸೇರಿದಳು. ಒಂದೆರಡು ವರ್ಷ ಕಳೆದಿರಬೇಕು, ಆ ರಾಕೆಟ್ ಹಾರಿತೆಂದು ರೇಡಿಯೋದಲ್ಲಿ ಬಂತು. ವಠಾರದವರೆಲ್ಲ ಅವಳ ಬಾಗಿಲಿಗೆ ಹೋಗಿ ನಿಂತೆವು. ಅವಳು ವಾರ್ತೆ ಪೂರ್ತಿ ಕೇಳಿ, ರೇಡಿಯೋ ಆರಿಸಿ, ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು.

ಅದಾದ ಮೇಲೆ ಬೆಂಗಳೂರಿನ ಒಂದು ವಿಜ್ಞಾನ ಸಂಘದವರು ಹುಡುಕಿಕೊಂಡು ಬಂದರು. ಬಾಹ್ಯಾಕಾಶದ ಕೆಲಸಕ್ಕೆ ದುಡಿದವರಿಗೆ ಪದಕ ಕೊಡುತ್ತಿದ್ದೇವೆ, ನಿಮ್ಮ ಯಜಮಾನರ ಹೆಸರೂ ಇದೆ, ನೀವೇ ಬಂದು ತೆಗೆದುಕೊಳ್ಳಬೇಕು ಎಂದರು. ಸುದ್ದಿ ಸಿಂಧಘಟ್ಟಕ್ಕೆ ಮುಟ್ಟಿದ್ದೇ ತಡ, ಅವಳ ಗಂಡನ ಅಣ್ಣ ಬಂದು ಜಗಲಿಯ ಮೇಲೆ ಕೂತ.

"ನೀನ್ಯಾಕವ್ವ ಅಲ್ಲೀಗಂಟ? ಗಂಡ ಸತ್ತೋಳು ಸ್ಟೇಜ್ ಅತ್ತುದ್ರೆ ಜನ ಏನಂದ್ಕತಾರೆ? ನಾನೋಗಿ ಈಸ್ಕ ಬತ್ತೀನಿ ಬುಡು."

ಅಕ್ಕ ತಲೆಯೆತ್ತಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಅವ್ರ ಹೆಣ ತರಕ್ಕೆ ಬೆಂಗ್ಳೂರ್ಗೋಗಿದ್ದೋಳು ನಾನೇ ಅಲ್ವಾ ಭಾವ? ಅವತ್ತು ಯಾರೂ ಬ್ಯಾಡ ಅನ್ನಲಿಲ್ಲ."

ಅವನು ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ಜೊತೆಗೆ ನಾನು ಹೋದೆ. ನಾಗಮಂಗಲದ ಮೇಲೆ ಹೋಗುವ ಬಸ್ಸು. ಅವಳು ಕಿಟಕಿಯ ಪಕ್ಕ ಕೂತಳು. ಸಭಾಂಗಣದ ತುಂಬ ಸೂಟು ತೊಟ್ಟವರು. ಒಬ್ಬೊಬ್ಬರ ಹೆಸರು ಕರೆದಾಗಲೂ ಚಪ್ಪಾಳೆ. ಅವಳ ಗಂಡನ ಸರದಿ ಬಂದಾಗ, ರಾಕೆಟ್ಟಿನ ಯಶಸ್ಸಿಗೆ ಅಮೂಲ್ಯ ಕೊಡುಗೆ ನೀಡಿದವರು ಎಂದು ಓದಿದರು. ಹೇಗೆ ಸತ್ತನೆಂಬ ಮಾತೇ ಅದರಲ್ಲಿರಲಿಲ್ಲ. ಅಕ್ಕ ಡಬ್ಬಿ ತೆಗೆದುಕೊಂಡಳು. ನಿರೂಪಣೆ ಮಾಡುತ್ತಿದ್ದ ಹೆಂಗಸು, ಎರಡು ಮಾತಾಡಿ ಎಂದು ಸೌಜನ್ಯಕ್ಕೆ ಮೈಕು ಮುಂದೆ ಹಿಡಿದಳು. ಬೇಡವೆಂದು ಇಳಿದುಬಿಡುತ್ತಾಳೆ ಅಂದುಕೊಂಡೆ.

"ಒಂದ್ ಕೇಳ್ಬೇಕಿತ್ತು," ಎಂದಳು. "ಈಗ ಆ ಟ್ಯಾಂಕ್‌ಗೆ ಗ್ಯಾಸ್ ತುಂಬ್ವಾಗ ಅಲ್ಲಿರೋ ಹುಡುಗ್ರು ಎಲ್ ನಿಂತ್ಕತಾರೆ?"

ಮೈಕು ಹಿಡಿದವಳು ವೇದಿಕೆಯ ಮೇಲಿದ್ದವರ ಮುಖ ನೋಡಿದಳು. ಕೊನೆಗೆ ಮೂರನೆಯ ಸಾಲಿನಿಂದ ಒಬ್ಬ ವಯಸ್ಸಾದವರು ಎದ್ದು ನಿಂತರು. ಆ ಕಾರ್ಖಾನೆಯವರೇ ಇರಬೇಕು.

"ಈಗ ನಡುವೆ ಒಂದು ಕಾಂಕ್ರೀಟ್ ಗೋಡೆ ಕಟ್ಟಿದ್ದೀವಮ್ಮ. ಎಲ್ಲರೂ ಅದರ ಆಚೆ ನಿಲ್ತಾರೆ."

"ಯಾವಾಗ ಕಟ್ಟುದ್ರಿ?"

ಅವರು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಅವರು ಹೋದ ಮೇಲೆ..."

"ಸರಿ ಬುಡಿ," ಎಂದು ಅಕ್ಕ ಕೆಳಗಿಳಿದಳು. ಒಂದಿಬ್ಬರು ಚಪ್ಪಾಳೆಗೆ ಕೈಯೆತ್ತಿ ಹಾಗೇ ಇಳಿಸಿದರು.

ವಾಪಸ್ಸು ಬರುವಾಗ ಡಬ್ಬಿ ಅವಳ ತೊಡೆಯ ಮೇಲಿತ್ತು. ಬೆಳ್ಳೂರು ಕ್ರಾಸ್ ದಾಟಿದ ಮೇಲೆ ಒಂದೇ ಒಂದು ಮಾತಾಡಿದಳು: "ಒಂದ್ ಗೋಡೆ ಕಣ್ ಟೀಚರಮ್ಮ. ಅಷ್ಟೇಯ." ಅಳುತ್ತಾಳೆಂದು ಅವಳ ಕೈ ಹಿಡಿದೆ. ಅಳಲಿಲ್ಲ.

ವಾರದೊಳಗೆ ಭಾವ ಮತ್ತೆ ಬಂದ. ಊರಿನಲ್ಲಿ ಸಮಾರಂಭ ಮಾಡುತ್ತಾರೆ, ಪದಕ ಬೇಕು ಅಂದ. ಅವಳು ಒಳಗಿಂದ ತಂದು ಕೊಟ್ಟಳು. ಯಾಕಕ್ಕ ಕೊಟ್ಟೆ ಎಂದು ತಡೆಯಲಾಗದೆ ಕೇಳಿದೆ. "ಅದ್ರಲ್ಲಿ ಅವ್ರಿಲ್ಲ," ಎಂದಳು. ಸಿಂಧಘಟ್ಟದಲ್ಲಿ ಶಾಲು ಹೊದಿಸಿಕೊಂಡದ್ದು ಭಾವ. ಅವಳನ್ನು ಕರೆಯಲೂ ಇಲ್ಲ.

ಆಮೇಲೆ ಅಕ್ಕ ಮಾತು ಕಡಿಮೆ ಮಾಡಿದಳು. ಡೈರಿಯಿಂದ ಬಂದವಳು ಮಗಳ ತಲೆ ಬಾಚಿ, ಉಣ್ಣಿಸಿ, ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬೇರೆ ಡೈರಿಯಲ್ಲಿ ಕೆಲಸ ಸಿಕ್ಕಿತೆಂದು ಪಾಂಡವಪುರಕ್ಕೆ ಹೋದಳು. ಮೊದಮೊದಲು ಹಬ್ಬಕ್ಕೆ ಬಂದು ಹೋಗುತ್ತಿದ್ದಳು, ಆಮೇಲೆ ಅದೂ ನಿಂತಿತು. ನನಗೂ ಶ್ರೀರಂಗಪಟ್ಟಣಕ್ಕೆ ವರ್ಗವಾಯಿತು...

ಸನ್ಮಾನದ ಡಬ್ಬಿ ತೆರೆದ ಮೂರ್ನಾಲ್ಕು ದಿನಕ್ಕೆ ಪಾಂಡವಪುರಕ್ಕೆ ಹೋದೆ. ಡೈರಿಯಲ್ಲಿದ್ದವರಿಗೆ ಅವಳ ಗುರುತಿರಲಿಲ್ಲ. ಹಾಲು ಹಾಕಲು ಬಂದಿದ್ದ ಒಬ್ಬ ಮುದುಕಿ ನನ್ನ ಮಾತು ಕೇಳಿಸಿಕೊಂಡು ಹತ್ತಿರ ಬಂದಳು.

"ಆವಮ್ಮನಾ? ತೀರೋಗಿ ಬಾಳ ವರ್ಸಾಯ್ತಲ್ಲವ್ವ. ಜರ ಬಂದಿತ್ತು. ಆಸ್ಪತ್ರೆಗೆ ನಡಿ ಅಂದ್ರೆ ಬರ್ನೇ ಇಲ್ಲ. ಮಗ್ಳನ್ನ ಸೋದ್ರಮಾವ ಕರ್ಕೊಂಡೋದ್ರು."

ಯಾವ ಊರೆಂದು ಅವಳಿಗೂ ಗೊತ್ತಿರಲಿಲ್ಲ. ಖಾಲಿ ಕ್ಯಾನು ಎತ್ತಿಕೊಂಡವಳು ತಿರುಗಿ ಕೇಳಿದಳು, "ನೀವು ಅವ್ರಿಗೆ ಏನಾಗ್ಬೇಕು?"

"ಪಕ್ಕದ ಮನೆಯವಳು," ಎಂದೆ.